ದಾವಣಗೆರೆ ಬಿಸಿಲಲ್ಲಿ ಎಸಿ ಇಲ್ಲದೆ ನಾಲ್ಕು ಎಡಿಟಿಂಗ್ ಮೆಷಿನ್: ನನ್ನ ಅನುಭವ

ಹೋದ ಏಪ್ರಿಲ್‌ನಲ್ಲಿ ನನ್ನ ರೂಮಿನಲ್ಲಿ ನಾಲ್ಕು ಎಡಿಟಿಂಗ್ ಕಂಪ್ಯೂಟರ್ ಒಟ್ಟಿಗೆ 4ಕೆ ರೆಂಡರ್ (ಎಡಿಟ್ ಆದ ವಿಡಿಯೊವನ್ನು ಪೂರ್ತಿ ಫೈಲಾಗಿ ತಯಾರಿಸುವ ಕೆಲಸ) ಮಾಡಿದವು. ಹೊರಗೆ 39 ಡಿಗ್ರಿ. ಒಂದು ಪ್ರೊಸೆಸರ್ ಕೂಡ 82 ದಾಟಲಿಲ್ಲ. ರೂಮಿನಲ್ಲಿ ಎಸಿ ಇಲ್ಲ. "ಇದೆಲ್ಲಾ ಆಗಲ್ಲ ಬಿಡು, ಸುಮ್ನೆ ಎಸಿ ಹಾಕಿಸು" ಅಂತ ಎರಡು ವರ್ಷ ಹೇಳಿದವರೇ ಈಗ ಬಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದಾರೆ. ಅದಕ್ಕೇ, ಎಸಿ ಇಲ್ಲದೆ ಮೆಷಿನ್‌ಗಳನ್ನು ತಣ್ಣಗಿಟ್ಟದ್ದು ಹೇಗೆ ಅಂತ ಬರೆಯೋಣ ಅನ್ನಿಸಿತು.

ನನ್ನದು ಮದುವೆ ವಿಡಿಯೊ ಮತ್ತು ಆಲ್ಬಂ ಕೆಲಸ. ಈ ಕೆಲಸ ಮಾಡುವವರಿಗೆ ಹೇಳಬೇಕಿಲ್ಲ, ಮುಹೂರ್ತ ಜಾಸ್ತಿ ಇರುವ ತಿಂಗಳುಗಳಲ್ಲೇ ಬಿಸಿಲೂ ಜಾಸ್ತಿ. ನನ್ನ ರೂಮು ಎರಡನೇ ಮಹಡಿ. ಮೇಲೆ ಬರೀ ತಾರಸಿ, ಕಿಟಕಿ ಪಶ್ಚಿಮಕ್ಕೆ. ಸ್ವಲ್ಪ ದೂರದಲ್ಲೇ ಮಂಡಕ್ಕಿ ಭಟ್ಟಿಗಳು. ಮಧ್ಯಾಹ್ನ ಮೂರಕ್ಕೆ ರೂಮು 37 ಮುಟ್ಟುತ್ತಿತ್ತು, ಪ್ರೊಸೆಸರ್ 96, 97. ಅಷ್ಟು ಕಾದ ಮೇಲೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. 4.2 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದ್ದು 2.9ಕ್ಕೆ ಬಂದು ಕೂರುತ್ತಿತ್ತು. ಮುಕ್ಕಾಲು ಗಂಟೆಯ ರೆಂಡರ್‌ಗೆ ಒಂದು ಗಂಟೆ ಹತ್ತು ನಿಮಿಷ. ಎಸಿಗೆ ಸ್ಟೆಬಿಲೈಜರ್, ಫಿಟಿಂಗ್ ಸೇರಿ 45 ಸಾವಿರದ ಹತ್ತಿರ ಹೇಳಿದರು. ದಿನಕ್ಕೆ ಹತ್ತು ಗಂಟೆ ಓಡಿಸಿದರೆ 13, 14 ಯೂನಿಟ್ ಕರೆಂಟು ಬೇರೆ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಪ್ರೊಸೆಸರ್ ಮೇಲೆ ಹಚ್ಚುವ, ಬಿಸಿ ದಾಟಿಸುವ ಪೇಸ್ಟ್ ಬದಲಿಸಿದೆ. ಒಂದೊಂದು ಮೆಷಿನ್‌ನ ಹೊರಡಬ್ಬ, ಅಂದರೆ ಕ್ಯಾಬಿನೆಟ್‌ಗೂ ಮೂರು ಫ್ಯಾನ್ ಜಾಸ್ತಿ ಹಾಕಿದೆ. ಇಳಿದದ್ದು ಎರಡು ಡಿಗ್ರಿ. ಇಪ್ಪತ್ತು ದಿನಕ್ಕೆ ಅದೂ ಹೋಯಿತು. ಬಿಚ್ಚಿ ನೋಡಿದರೆ ಪ್ರೊಸೆಸರ್ ಬಿಸಿ ಹೀರುವ ಹೀಟ್‌ಸಿಂಕ್‌ನ ಲೋಹದ ರೆಕ್ಕೆಗಳ ಸಂದಿಯಲ್ಲಿ ಭಟ್ಟಿಯ ಮಸಿ, ಕಾಡಿಗೆ ಥರ ಜಿಡ್ಡಾಗಿ ಅಂಟಿಕೊಂಡಿತ್ತು. ಬ್ಲೋವರ್‌ಗೂ ಬಿಡಲಿಲ್ಲ, ಬ್ರಷ್ ಹಾಕಿ ಉಜ್ಜಬೇಕಾಯಿತು. ಫ್ಯಾನ್ ಜಾಸ್ತಿ ಆದಷ್ಟೂ ಮಸಿಯೂ ಜಾಸ್ತಿ ಒಳಗೆ ಬರುತ್ತದೆ ಅನ್ನುವುದು ಆಗ ಗೊತ್ತಾಯಿತು.

ಆಮೇಲೆ ವಾಟರ್ ಕೂಲಿಂಗ್ ಹುಚ್ಚು ಹಿಡಿಯಿತು. ವಾಟರ್ ಬ್ಲಾಕ್ (ಪ್ರೊಸೆಸರ್ ಮೇಲೆ ಕೂರುವ, ಒಳಗೆ ನೀರು ಹರಿಯುವ ಲೋಹದ ತುಂಡು), ಪಂಪ್, ಪೈಪು ಇರುವ ಕಿಟ್ 4,500 ಕೊಟ್ಟು ತರಿಸಿದೆ. ರೇಡಿಯೇಟರ್ ಬದಲು ಹತ್ತು ಲೀಟರಿನ ಮಣ್ಣಿನ ಮಡಿಕೆ ಇಟ್ಟೆ. ಕುಡಿಯುವ ನೀರು ತಣ್ಣಗಾಗುತ್ತದಲ್ಲ, ಇದೂ ಆಗಲಿ ಅಂತ. ಮೊದಲ ಒಂದೂವರೆ ಗಂಟೆ ಪ್ರೊಸೆಸರ್ 62ರಲ್ಲೇ ನಿಂತಿತು. ಖುಷಿಯಲ್ಲಿ ಸ್ನೇಹಿತರಿಗೆಲ್ಲ ಫೋನ್ ಮಾಡಿದೆ. ಅದಾದ ಮೇಲೆ ಮೆಲ್ಲಗೆ ಏರತೊಡಗಿ ಸಂಜೆಗೆ 90. ಯಾಕೆ ಅಂತ ಮಡಿಕೆಯನ್ನೇ ತೂಕ ಹಾಕಿ ನೋಡಿದೆ. ಹತ್ತು ಗಂಟೆಯಲ್ಲಿ ಅರ್ಧ ಲೀಟರ್ ನೀರು ಆವಿಯಾಗಿತ್ತು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೊಜೂಲ್ ಶಾಖ ಹೊತ್ತೊಯ್ಯುತ್ತದೆ. ಲೆಕ್ಕ ಹಾಕಿದರೆ ಒಂದು ಮಡಿಕೆಯ ತಾಕತ್ತು ಬರೀ 33 ವಾಟ್. ರೆಂಡರ್ ಆಗುವಾಗ ನನ್ನ ಪ್ರೊಸೆಸರ್ ಎಳೆಯುವುದು 110 ವಾಟ್. ಅಂದರೆ ನಾಲ್ಕು ಮೆಷಿನ್‌ಗೆ ಹದಿಮೂರು ಹದಿನಾಲ್ಕು ಮಡಿಕೆ ಬೇಕು. ಮೊದಲು ತಣ್ಣಗಿದ್ದದ್ದು ಮಡಿಕೆಯಿಂದಲ್ಲ, ಅದರೊಳಗಿನ ಹತ್ತು ಲೀಟರ್ ನೀರು ಕಾಯಲು ಹೊತ್ತು ಹಿಡಿದದ್ದರಿಂದ. ಆದರೂ ಇನ್ನೆರಡು ಮಡಿಕೆ ತಂದು ಪೈಪು ಜೋಡಿಸಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು.

ಹನ್ನೆರಡನೇ ದಿನ ಬ್ಲಾಕ್ ಕಟ್ಟಿಕೊಂಡಿತು. ನಮ್ಮ ಬೋರ್‌ವೆಲ್ ನೀರು ಗಡಸು. ಬ್ಲಾಕ್ ಒಳಗಿನ ಸಣ್ಣ ಗೀರುಗಳಲ್ಲಿ ಬಿಳಿ ಉಪ್ಪು, ಅದರ ಜೊತೆ ಮಡಿಕೆಯ ಮಣ್ಣು. ತೊಳೆದು ಮತ್ತೆ ಕೂರಿಸಿದೆ. ಆ ರಾತ್ರಿ ರೆಂಡರ್ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಪೈಪಿನ ಕ್ಲಿಪ್ ಸಡಿಲಾಗಿ ನೀರು ನೇರ ಗ್ರಾಫಿಕ್ಸ್ ಕಾರ್ಡ್ ಮೇಲೆ. ಕಾರ್ಡೂ ಹೋಯಿತು, ಮದರ್‌ಬೋರ್ಡೂ ಹೋಯಿತು. 18 ಸಾವಿರ. ಒಂದು ಮನೆಯವರಿಗೆ ವಿಡಿಯೊ ಎಂಟು ದಿನ ತಡ. ಅವತ್ತಿನಿಂದ ಕ್ಯಾಬಿನೆಟ್ ಒಳಗೆ ನೀರು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಆ ಮಳೆಗಾಲ ಕೂತು ಯೋಚಿಸಿದೆ. ನಾನು ಚಿಪ್ಪಿನ ಜೊತೆ ಜಗಳ ಆಡುತ್ತಿದ್ದೆ. ಚಿಪ್ಪಿನಿಂದ ಬಿಡಿಸಿದ ಬಿಸಿ ಹೋಗುವುದೆಲ್ಲಿಗೆ? ಅದೇ ರೂಮಿಗೆ. ನಾಲ್ಕು ಮೆಷಿನ್, ಮಾನಿಟರ್ ಸೇರಿ 1,100 ವಾಟ್ ಹತ್ತಿರ. ಏಪ್ರಿಲ್‌ನಲ್ಲಿ ಬಾಗಿಲು ಹಾಕಿಕೊಂಡು ರೂಮ್ ಹೀಟರ್ ಉರಿಸಿದ ಹಾಗೆ. ಅದೇ ಗಾಳಿಯನ್ನು ಫ್ಯಾನು ಮತ್ತೆ ಎಳೆದು ಮತ್ತೆ ಬಿಸಿ ಮಾಡುತ್ತದೆ. ಒಳಗೆ ಹೋಗುವ ಗಾಳಿ ಒಂದು ಡಿಗ್ರಿ ಇಳಿದರೆ ಚಿಪ್ಪೂ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಹಾಗಾದರೆ ಮಾಡಬೇಕಾದ ಕೆಲಸ ರೂಮಿನದು, ಪ್ರೊಸೆಸರ್‌ನದಲ್ಲ.

ಭಟ್ಟಿಯ ಚಾಚಾ ಒಬ್ಬರು ನನಗೆ ಪರಿಚಯ. ಅವರ ಹತ್ತಿರ ಈ ಗೋಳು ಹೇಳಿದೆ. "ಬಿಸಿ ಹೋಗೋಕೆ ದಾರಿ ಮಾಡು ಬೇಟಾ. ಚಿಮಣಿ ಇಲ್ದೆ ಭಟ್ಟಿ ಹಚ್ತಾರಾ ಯಾರಾದ್ರೂ?" ಅಂದರು. ಕ್ಯಾಬಿನೆಟ್‌ಗಳ ಹಿಂದೆ ಪ್ಲೈವುಡ್ ಡಬ್ಬ ಮಾಡಿಸಿ ಆರಿಂಚಿನ ಪೈಪನ್ನು ಕಿಟಕಿಯಿಂದ ಮೇಲಕ್ಕೆ ಬಿಟ್ಟೆ. ಏನೂ ಎಳೆಯಲಿಲ್ಲ. ಅಗರಬತ್ತಿ ಹಿಡಿದು ನೋಡಿದೆ, ಹೊಗೆ ಅಲ್ಲೇ ಸುತ್ತುತ್ತಿತ್ತು. ಭಟ್ಟಿಯ ಹೊಗೆ ನೂರಾರು ಡಿಗ್ರಿ, ಚಿಮಣಿಯೂ ಉದ್ದ. ನನ್ನ ಗಾಳಿ ಹೊರಗಿನದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಮಾತ್ರ ಜಾಸ್ತಿ, ಆರಡಿ ಪೈಪು. ಬಿಸಿಗಾಳಿ ಮೇಲೆ ಹೋಗುತ್ತದೆ ಅನ್ನುವುದನ್ನು ನಂಬಿ ಒಂದು ಕ್ಯಾಬಿನೆಟ್ ಅಂಗಾತ ಮಲಗಿಸಿಯೂ ನೋಡಿದೆ. ಒಂದು ಡಿಗ್ರಿ ಸಿಕ್ಕಿತು. ಕೊನೆಗೆ ಒಂಬತ್ತಿಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆ. 1,000 ವಾಟ್ ಬಿಸಿಯನ್ನು ಹತ್ತು ಡಿಗ್ರಿ ಏರಿಕೆಯಲ್ಲಿ ಹೊರಹಾಕಲು 175 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 175 ಘನ ಅಡಿ ಗಾಳಿ ಬೇಕು. ಫ್ಯಾನಿನ ಡಬ್ಬಿ ಮೇಲೆ ಬರೆದ ಲೆಕ್ಕ ನಂಬಬೇಡಿ, ಪೈಪಿಗೆ ಹಾಕಿದ ಮೇಲೆ ಅರ್ಧ ಹಿಡಿಯಿರಿ.

ರೂಮಿನ ಬಿಸಿ ಹೊರಗೆ ಹೋಯಿತು, ನಿಜ. ಆದರೆ ಆ ಜಾಗಕ್ಕೆ ಹೊರಗಿನ 38 ಡಿಗ್ರಿಯ ಮಸಿಗಾಳಿ ಬಂತು. ಅದಕ್ಕೆ ಒದ್ದೆ ಹುಲ್ಲಿನ ಪ್ಯಾಡ್ ಮೂಲಕ ಗಾಳಿ ಎಳೆಯುವ ಏರ್ ಕೂಲರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 2,200ಕ್ಕೆ ತಂದು ರೂಮಿನಲ್ಲೇ ಇಟ್ಟೆ. ಮಸಿ ಬರಬಾರದು ಅಂತ ಕಿಟಕಿ ಹಾಕಿ ಎಕ್ಸಾಸ್ಟ್ ಬಂದ್ ಮಾಡಿದೆ. ಅರ್ಧ ಗಂಟೆಯಲ್ಲಿ 29. ಎರಡು ಗಂಟೆಯಲ್ಲಿ ರೂಮೆಲ್ಲ ಜಿನುಗು, ಮತ್ತೆ 33. ಗಾಳಿ ತೇವ ಕುಡಿದು ಹೊಟ್ಟೆ ತುಂಬಿದ ಮೇಲೆ ಕೂಲರ್ ಏನು ಮಾಡಿದರೂ ತಣ್ಣಗಾಗುವುದಿಲ್ಲ. ಮೆಷಿನ್‌ಗೇನೂ ಆಗಲಿಲ್ಲ, ಅವು ಗಾಳಿಗಿಂತ ಬಿಸಿ ಇರುವುದರಿಂದ ಮೇಲೆ ನೀರು ಕೂರುವುದಿಲ್ಲ. ಕಪಾಟಿನಲ್ಲಿದ್ದ ಆಲ್ಬಂ ಶೀಟುಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡವು. ಆರೇಳು ಸಾವಿರದ ಮಾಲು. ಅಲ್ಲಿಗೆ ಎಲ್ಲ ಸೇರಿ 30 ಸಾವಿರ ಕಳೆದಿದ್ದೆ. ಮನೆಯಲ್ಲಿ ಮಾತು ಕೇಳಬೇಕಾಯಿತು.

ಕೂಲರನ್ನು ಬಾಲ್ಕನಿಗೆ ಎಳೆದು ಹಾಕಿದೆ. ಮಾರಿಬಿಡೋಣ ಅಂತ ಮಧ್ಯಾಹ್ನ ಅದನ್ನು ಓಡಿಸುತ್ತಲೇ ಪಂಪು ನೋಡಲು ಟ್ಯಾಂಕಿಗೆ ಕೈ ಹಾಕಿದೆ. ನೀರು ಬಾವಿ ನೀರಿನಷ್ಟು ತಣ್ಣಗಿತ್ತು! ಥರ್ಮಾಮೀಟರ್ ಬಿಟ್ಟು ನೋಡಿದೆ, 24. ಹೊರಗೆ 38. ನೀರು ಆವಿಯಾಗಿ ಎಷ್ಟರವರೆಗೆ ತಣ್ಣಗಾಗಬಹುದು ಅಂತ ತಿಳಿಯಲು ಇನ್ನೊಂದು ಥರ್ಮಾಮೀಟರ್‌ಗೆ ಒದ್ದೆ ಬಟ್ಟೆ ಸುತ್ತಿ ಫ್ಯಾನಿನ ಮುಂದೆ ಹಿಡಿದೆ, 22, 23. ಒಣ ಬಿಸಿಲಿನ ಊರಿನ ಲಾಭ ಇದು. ಕೂಲರಿನ ಗಾಳಿ ನನಗೆ ಬೇಡ, ಅದರ ನೀರು ಬೇಕು ಅಂತ ಅಲ್ಲೇ ಹೊಳೆಯಿತು.

ಗುಜರಿಯಿಂದ ಹಳೆಯ ಮಾರುತಿ 800ರ ರೇಡಿಯೇಟರ್ ತಂದೆ, ಫ್ಯಾನ್ ಸಮೇತ 900. ಕಿಟಕಿಯ ಒಂದು ಬಾಗಿಲು ತೆಗೆದು ಅಲ್ಲಿ ತಗಡಿನ ಚೌಕಟ್ಟಿನಲ್ಲಿ ಕೂರಿಸಿದೆ. ಬಾಲ್ಕನಿಯಲ್ಲಿ ಕೂಲರ್ ಸಣ್ಣ ಸ್ಪೀಡಿನಲ್ಲಿ ಓಡುತ್ತದೆ. ಇನ್ನೊಂದು ಕೂಲರ್ ಪಂಪು ಟ್ಯಾಂಕಿನ ನೀರನ್ನು ರೇಡಿಯೇಟರ್‌ಗೆ ತಳ್ಳಿ ವಾಪಸ್ ಪ್ಯಾಡ್ ಮೇಲೆ ಬಿಡುತ್ತದೆ. ಹೊರಗಿನ ಗಾಳಿ ಬಟ್ಟೆಯ ಫಿಲ್ಟರ್ ದಾಟಿ, ರೇಡಿಯೇಟರ್ ದಾಟಿ, 28, 29ಕ್ಕೆ ಇಳಿದು ಒಣಗಿಯೇ ಒಳಗೆ ಬರುತ್ತದೆ. ನೇರ ಕ್ಯಾಬಿನೆಟ್ ಮುಖಕ್ಕೆ. ಹಿಂದಿನಿಂದ ಬಂದ ಬಿಸಿ ಪ್ಲೈವುಡ್ ಡಬ್ಬದಿಂದ ಹೊರಗೆ. ರೇಡಿಯೇಟರ್ ಫ್ಯಾನು ಹಳೆಯ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿ) ನಿಧಾನ ತಿರುಗುತ್ತದೆ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬೇಕು, ಇದು ಮುಖ್ಯ. ಆಗ ಬಾಗಿಲ ಸಂದಿಯಿಂದ ಮಸಿ ಒಳಗೆ ಬರುವುದಿಲ್ಲ. ಫಿಲ್ಟರ್‌ಗೆ ಯಾವ ಬಟ್ಟೆ, ಕ್ಯಾಬಿನೆಟ್‌ಗಳ ನಡುವೆ ತಗಡಿನ ಅಡ್ಡಪಟ್ಟಿ ಎಲ್ಲಿ ಕೊಟ್ಟಿದ್ದೇನೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಅವಕ್ಕೆ ನನಗೆ ಐದು ತಿಂಗಳು ಹಿಡಿದಿದೆ.

ಒಟ್ಟು ಖರ್ಚು ಆರೂವರೆ ಸಾವಿರ, ಕೂಲರ್ ಸೇರಿ. ಹತ್ತು ಗಂಟೆಗೆ ಕರೆಂಟು ಎರಡೂಕಾಲು ಯೂನಿಟ್ ಇರಬಹುದು. ನೀರು ದಿನಕ್ಕೆ 40, 50 ಲೀಟರ್. ಬೋರ್ ನೀರು ಬಿಟ್ಟು ನಲ್ಲಿ ನೀರು ಹಾಕುತ್ತೇನೆ, ಆದರೂ ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಲೇಬೇಕು. ಇಲ್ಲದಿದ್ದರೆ ಉಳಿದ ಉಪ್ಪೆಲ್ಲ ಗಟ್ಟಿಯಾಗಿ ಪ್ಯಾಡ್ ಕಲ್ಲಾಗುತ್ತದೆ. ತಾರಸಿಗೆ ಸುಣ್ಣವನ್ನೂ ಹೊಡೆಸಿದೆ, ಅದರದ್ದೂ ಪಾಲಿದೆ. ಮೇ ತಿಂಗಳಲ್ಲಿ ಸಂಜೆ ಮಳೆ ಬಿದ್ದು ಮಾರನೇ ದಿನ ಧಗೆ ಆಗುತ್ತದಲ್ಲ, ಅಂಥ ದಿನ ನೀರು 26ರ ಕೆಳಗೆ ಇಳಿಯುವುದಿಲ್ಲ. ಜೂನ್ ಬಂದರೆ ನೀರು ಬಂದ್, ಗಾಳಿಯಷ್ಟೇ ಸಾಕು.

ಚಿತ್ರದುರ್ಗದ ಸ್ನೇಹಿತನೊಬ್ಬ ನನ್ನದನ್ನು ನೋಡಿ ಬರೀ ಬಿಸಿಗಾಳಿ ಪೈಪು ಮಾಡಿಕೊಂಡ. ಅಲ್ಲಿನ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆಲ್ಲ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನು ನಿಲ್ಲಿಸಿದ್ದಾರೆ. ಪೈಪಿನ ಬಾಯಿ ಗಾಳಿಗೆ ಎದುರಾಗಿ ಬಿಸಿಯೆಲ್ಲ ವಾಪಸ್ ರೂಮಿಗೆ. ಎಲ್ಬೋ ಹಾಕಿ ಬಾಯಿ ಕೆಳಗೆ ತಿರುಗಿಸಿದ ಮೇಲೆ ಸರಿಹೋಯಿತು.

ಈಗ ಕೂಲರಿನ ಹುಲ್ಲಿನ ಪ್ಯಾಡ್ ಬದಲಿಸುವ ಹೊತ್ತು. ಈ ಸಲ ಒಂದು ಬದಿಗೆ ಮಾತ್ರ ಲಾವಂಚ ತುಂಬಿ ನೋಡುತ್ತಿದ್ದೇನೆ. ಪರಿಮಳ ಚೆನ್ನಾಗಿದೆ, ಗಾಳಿ ಸ್ವಲ್ಪ ತಡೆಯುತ್ತಿದೆ. ನಿನ್ನೆ ಮೂರು ಗಂಟೆಗೆ ಟ್ಯಾಂಕಿನ ನೀರು ಇಪ್ಪತ್ಮೂರೂವರೆ ತೋರಿಸಿತು.