ಸ್ಕಾಲರ್‌ಶಿಪ್ ಇಲ್ಲದ ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್ ಕೆಲಸ: ನನ್ನ ಅನುಭವ

ಅಮೆರಿಕದ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಅಂದರೆ ಟಿವಿಯಲ್ಲಿ ಕಾಣುವ ಲಕ್ಷ ಜನರ ಸ್ಟೇಡಿಯಂಗಳಷ್ಟೇ ಅಲ್ಲ. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ಮೂರನೇ ಡಿವಿಷನ್‌ನಲ್ಲಿ 240ರ ಆಸುಪಾಸು ಕಾಲೇಜುಗಳು ಈ ಆಟ ಆಡುತ್ತವೆ. ಬಹುಪಾಲು ಸಣ್ಣ ಖಾಸಗಿ ಕಾಲೇಜುಗಳು. ಎರಡನೇ ಡಿವಿಷನ್‌ನಲ್ಲಿ 36 ಪೂರ್ಣ ಸ್ಕಾಲರ್‌ಶಿಪ್‌ಗಳಷ್ಟು ಹಣವನ್ನು ತಂಡಕ್ಕೆ ಹಂಚಬಹುದು. ಮೂರನೆಯದರಲ್ಲಿ ಆಟಕ್ಕೆಂದು ಒಂದು ಡಾಲರ್ ಕೂಡ ಕೊಡುವಂತಿಲ್ಲ. ನಾನು ಕೆಲಸ ಮಾಡಿದ್ದು ಇಲ್ಲೇ. ಗ್ರ್ಯಾಜುಯೇಟ್ ಅಸಿಸ್ಟೆಂಟ್, ಅಫೆನ್ಸಿವ್ ಲೈನ್ (ದಾಳಿ ಪಡೆಯ ಮುಂದಿನ ಸಾಲು) ಕೋಚ್, ಕೋಆರ್ಡಿನೇಟರ್ (ದಾಳಿ ಅಥವಾ ರಕ್ಷಣೆಯ ಇಡೀ ಪಡೆಯ ಹೊಣೆ ಹೊತ್ತ ಕೋಚ್), ಕೊನೆಗೆ ಹೆಡ್ ಕೋಚ್. ಲೀಗ್ ಹಂತದಲ್ಲಿ ವರ್ಷಕ್ಕೆ ಆಟ ಇರುವುದು 10 ಶನಿವಾರ. ಉಳಿದ ದಿನಗಳ ಕೆಲಸವೆಲ್ಲ ಹುಡುಗರನ್ನು ಹುಡುಕಿ ಕರೆತರುವುದು, ಬಂದವರನ್ನು ನಾಲ್ಕು ವರ್ಷ ಉಳಿಸಿಕೊಳ್ಳುವುದು.

ಒಳಗೆ ಬರುವ ಬಾಗಿಲು ಗ್ರ್ಯಾಜುಯೇಟ್ ಅಸಿಸ್ಟೆಂಟ್ ಹುದ್ದೆ. ಎಲ್ಲರೂ ಜಿಎ ಅನ್ನುತ್ತಾರೆ. ಸ್ನಾತಕೋತ್ತರ ಓದಿನ ಶುಲ್ಕ ಮನ್ನಾ, ಸಣ್ಣ ಭತ್ಯೆ, ಕೆಲವೆಡೆ ಕೋಣೆ ಮತ್ತು ಮೆಸ್ಸಿನ ಊಟ. ಸಾಮಾನ್ಯವಾಗಿ ಎರಡು ವರ್ಷ. ಕೋಚ್‌ಗಳು ಕಾಲೇಜು ಬದಲಿಸುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ. ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಕೋಚಸ್ ಅಸೋಸಿಯೇಷನ್ ಸಮಾವೇಶ ನಡೆಯುತ್ತದೆ, ಖಾಲಿ ಹುದ್ದೆಗಳ ಸುದ್ದಿ ಸಿಗುವುದು ಅಲ್ಲಿಯೇ. ಬರಿಗೈಯಲ್ಲಿ ಹೋಗಬೇಡಿ. ಒಂದೇ ಒಂದು ಡ್ರಿಲ್ ಅನ್ನು ನೀವು ಹೇಗೆ ಕಲಿಸುತ್ತೀರಿ ಎಂದು ತೋರಿಸುವ ಹತ್ತು ನಿಮಿಷದ ವಿಡಿಯೊ ಲ್ಯಾಪ್‌ಟಾಪ್‌ನಲ್ಲಿರಲಿ. ಎರಡು ಪುಟದ ಬಯೋಡೇಟಾಕ್ಕಿಂತ ಅದು ಹೆಚ್ಚು ಮಾತಾಡುತ್ತದೆ.

ಜಿಎ ಕೈಗೆ ಮೊದಲು ಬರುವ ಕೆಲಸ ಎದುರಾಳಿಯ ಫಿಲ್ಮ್ ಒಡೆಯುವುದು, ಅಂದರೆ ಅವರ ಆಟದ ವಿಡಿಯೊವನ್ನು ಬಿಡಿಬಿಡಿಯಾಗಿ ನೋಡಿ ದಾಖಲಿಸುವುದು. ಹಡಲ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಪ್ಲೇಗೆ (ಆಟ ಶುರುವಾಗಿ ನಿಲ್ಲುವವರೆಗಿನ ಒಂದು ಪ್ರಯತ್ನ) ಒಂದು ಸಾಲು: ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಒಂದು) ಎಷ್ಟನೆಯದು, ಬೇಕಾದ ಗಜ ಎಷ್ಟು, ಚೆಂಡು ಯಾವ ಹ್ಯಾಶ್‌ನಲ್ಲಿದೆ (ಮೈದಾನದ ಎಡ, ಬಲ ಗುರುತುಸಾಲು), ಫಾರ್ಮೇಶನ್ (ಆಟಗಾರರು ನಿಲ್ಲುವ ಬಗೆ), ಮೋಶನ್ (ಪ್ಲೇ ಶುರುವಾಗುವ ಮುಂಚಿನ ಓಡಾಟ), ಡಿಫೆನ್ಸಿನ ಫ್ರಂಟ್ (ಮುಂದಿನ ಸಾಲು), ಕವರೇಜ್ (ಪಾಸ್ ತಡೆಯುವ ಬಗೆ), ಬ್ಲಿಟ್ಜ್ (ಚೆಂಡು ಎಸೆಯುವವನ ಮೇಲೆ ಹೆಚ್ಚುವರಿ ಆಟಗಾರರ ದಾಳಿ), ಫಲಿತಾಂಶ. ಮೂರು ಆಟ ಒಡೆದರೆ ದಾಳಿ ಅಥವಾ ರಕ್ಷಣೆಯ ಒಂದೊಂದು ಕಡೆಗೆ ಸುಮಾರು 200 ಸಾಲು. ಇಲ್ಲಿ ಕೆಲಸ ಕೆಡುವುದು ಹೆಸರಿನಿಂದ. ಒಂದೇ ಫಾರ್ಮೇಶನ್‌ಗೆ ಒಬ್ಬ ಒಂದು ಹೆಸರು, ಇನ್ನೊಬ್ಬ ಇನ್ನೊಂದು ಹೆಸರು ಹಾಕಿದರೆ ಲೆಕ್ಕ ಎರಡಾಗಿ ಒಡೆದು ಎದುರಾಳಿಯ ಚಾಳಿಯೇ ಕಾಣುವುದಿಲ್ಲ. ಅದಕ್ಕೇ ಆಗಸ್ಟ್‌ಗೆ ಮುಂಚೆ ಒಂದು ಪುಟದ ಹೆಸರುಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತಿದ್ದೆ. ಅದರಲ್ಲಿಲ್ಲದ ಪದ ಶೀಟಿಗೆ ಬರಕೂಡದು. ಕೊನೆಯ ಕ್ವಾರ್ಟರ್‌ನಲ್ಲಿ 28 ಅಂಕದ ಅಂತರ ಬಿದ್ದ ಮೇಲಿನ ಪ್ಲೇಗಳನ್ನು ಲೆಕ್ಕದಿಂದ ತೆಗೆಯಿರಿ, ಆಗ ಮೈದಾನದಲ್ಲಿರುವವರು ಹೊಸ ಹುಡುಗರು. ಮೂರನೇ ಡೌನ್, ಏಳು ಗಜಕ್ಕಿಂತ ಹೆಚ್ಚು ಎಂಬ ಪರಿಸ್ಥಿತಿ ಬರೀ 11 ಬಾರಿ ಬಂದಿದ್ದು, ಅದರಲ್ಲಿ 7 ಬಾರಿ ಬ್ಲಿಟ್ಜ್ ಬಂದಿದ್ದರೆ ಅದನ್ನು ಶೇಕಡಾವಾರಿನಲ್ಲಿ ಬರೆಯಬೇಡಿ. 11ಕ್ಕೆ 7 ಎಂದೇ ಬರೆಯಿರಿ. ಶೇ. 64 ಎಂದು ನೋಡಿದ ಕೋಆರ್ಡಿನೇಟರ್ ಅದನ್ನು ಇರುವುದಕ್ಕಿಂತ ಹೆಚ್ಚು ನಂಬುತ್ತಾನೆ.

ಇನ್ನು ರಿಕ್ರೂಟಿಂಗ್. ಶುಲ್ಕದ ಆದಾಯದಲ್ಲಿ ನಡೆಯುವ ಸಣ್ಣ ಕಾಲೇಜಿಗೆ ನೂರು ಹುಡುಗರ ಫುಟ್‌ಬಾಲ್ ತಂಡವೆಂದರೆ ಶುಲ್ಕ ಕಟ್ಟುವ ನೂರು ವಿದ್ಯಾರ್ಥಿಗಳು. ಆದ್ದರಿಂದ ಹೆಡ್ ಕೋಚ್‌ಗೆ ಆಡಳಿತ ಕೊಡುವ ಗುರಿ ಗೆಲುವಿಗಿಂತ ಮೊದಲು ತಲೆಯೆಣಿಕೆ. ನಾನು ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕುತ್ತಿದ್ದೆ. ಆಗಸ್ಟ್‌ನಲ್ಲಿ 40 ಹೊಸಬರು ಬೇಕಾದರೆ ಮೇ ತಿಂಗಳಲ್ಲಿ 46 ಮಂದಿ ಡಿಪಾಸಿಟ್ ಕಟ್ಟಿರಬೇಕು. ಅದಕ್ಕೆ ನೂರಕ್ಕೂ ಹೆಚ್ಚು ಜನಕ್ಕೆ ಪ್ರವೇಶ ಸಿಕ್ಕಿರಬೇಕು, ಸುಮಾರು 150 ಮಂದಿ ಕ್ಯಾಂಪಸ್ ನೋಡಿರಬೇಕು, ಅದಕ್ಕೆ 500–600 ಹುಡುಗರ ಫಿಲ್ಮ್ ನಾವು ನೋಡಿರಬೇಕು. ಯಾವ ಮೆಟ್ಟಿಲಲ್ಲಿ ಜನ ಉದುರುತ್ತಿದ್ದಾರೆ ಎಂದು ಪ್ರತಿ ಸೋಮವಾರ ನೋಡಿದರೆ ಕಾರಣ ಸಿಗುತ್ತದೆ. ಕ್ಯಾಂಪಸ್ ನೋಡಿದವರು ಅರ್ಜಿ ಹಾಕದಿದ್ದರೆ ತಪ್ಪು ನಮ್ಮ ಭೇಟಿಯ ದಿನದಲ್ಲಿದೆ. ಪ್ರವೇಶ ಸಿಕ್ಕಿದವರು ಡಿಪಾಸಿಟ್ ಕಟ್ಟದಿದ್ದರೆ ಸಾಮಾನ್ಯವಾಗಿ ಹಣದ ಮಾತು ಮನೆಯವರಿಗೆ ತಡವಾಗಿ ತಲುಪಿದೆ.

ಹಣದ ವಿಷಯದಲ್ಲಿ ಗೆರೆ ದಾಟಬಾರದು. ನೆರವು ಎಷ್ಟು ಎಂದು ತೀರ್ಮಾನಿಸುವುದು ಹಣಕಾಸು ನೆರವಿನ ಕಚೇರಿ; ಮೂರನೇ ಡಿವಿಷನ್‌ನಲ್ಲಿ ಕೋಚ್ ಅದರಲ್ಲಿ ಕೈಯಾಡಿಸುವುದು ನಿಯಮಭಂಗ. ನಾವು ಮಾಡಬಹುದಾದದ್ದು, ಫ್ಯಾಫ್ಸಾ (ಸರ್ಕಾರಿ ವಿದ್ಯಾರ್ಥಿ ನೆರವಿನ) ಅರ್ಜಿಯನ್ನು ಬೇಗ ತುಂಬಿಸಲು ನೆನಪಿಸುವುದು, ಮತ್ತು ಪ್ರಕಟಿತ ಶುಲ್ಕವನ್ನಲ್ಲ, ನೆರವು ಕಳೆದು ಕೈಯಿಂದ ಕಟ್ಟುವ ಮೊತ್ತವನ್ನು ಬೇರೆ ಕಾಲೇಜಿನ ಜೊತೆ ಹೋಲಿಸಿ ಎಂದು ತಂದೆತಾಯಿಗೆ ಹೇಳುವುದು. ಸಿಗದ ಹಣದ ಆಸೆ ತೋರಿಸಿ ಕರೆತಂದ ಹುಡುಗ ಎರಡನೇ ಸೆಮಿಸ್ಟರ್‌ಗೆ ಸಾಲ ಹೊತ್ತು ಮನೆಗೆ ಹೋಗುತ್ತಾನೆ. ಅದು ಅನ್ಯಾಯ.

ಭೇಟಿಯ ದಿನ ಸ್ಟೇಡಿಯಂ ಹತ್ತು ನಿಮಿಷ ಸಾಕು. ಹುಡುಗ ಓದಬೇಕೆಂದಿರುವ ವಿಷಯದ ಅಧ್ಯಾಪಕರ ಜೊತೆ 20 ನಿಮಿಷ, ತಂಡದ ಹುಡುಗರ ಜೊತೆ ಕೋಚ್‌ಗಳಿಲ್ಲದ ಊಟ, ಅದೇ ಹೊತ್ತಿಗೆ ತಂದೆತಾಯಿ ನೆರವಿನ ಕಚೇರಿಯಲ್ಲಿ, ಕೊನೆಗೆ ಹೆಡ್ ಕೋಚ್ ಜೊತೆ ಕಾಲು ಗಂಟೆ. ಇಲ್ಲಿ ಹುಡುಗನನ್ನು ಕಟ್ಟಿಹಾಕುವ ಒಪ್ಪಂದಪತ್ರವಿಲ್ಲ, ಆಗಸ್ಟ್‌ವರೆಗೂ ಮನಸ್ಸು ಬದಲಿಸಬಹುದು. ಆದ್ದರಿಂದ ಜೂನ್, ಜುಲೈ ತಿಂಗಳು ಸುಮ್ಮನಿರುವಂತಿಲ್ಲ. ಮೂವರು ಹೊಸಬರಿಗೆ ಒಬ್ಬ ಹಿರಿಯ ಆಟಗಾರನನ್ನು ಗೊತ್ತುಮಾಡಿ, ರೂಮ್‌ಮೇಟ್ ಯಾರೆಂದು ಬೇಗ ತಿಳಿಸಿ. ರೂಮ್‌ಮೇಟ್ ಜೊತೆ ಮಾತು ಶುರುವಾದ ಹುಡುಗ ಕೈಬಿಡುವುದು ಕಡಿಮೆ.

ಬಂದವರು ಬಿಟ್ಟುಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಓದು ಕೈತಪ್ಪುವುದು, ಆಡಲು ಅವಕಾಶ ಸಿಗದಿರುವುದು. ಮೊದಲನೆಯದಕ್ಕೆ ನಾಲ್ಕನೇ ವಾರದಲ್ಲೇ ಅಂಕಗಳನ್ನು ಕೇಳಿ, ಮಿಡ್‌ಟರ್ಮ್‌ವರೆಗೆ ಕಾದರೆ ತಡ. ಪೂರ್ಣಾವಧಿ ವಿದ್ಯಾರ್ಥಿಯಾಗಿರಲು 12 ಕ್ರೆಡಿಟ್ ಬೇಕು. 12ಕ್ಕೇ ಸೇರಿಸಿದ ಹುಡುಗ ಒಂದು ಕೋರ್ಸ್ ಬಿಟ್ಟ ಕೂಡಲೇ ಆಡುವ ಅರ್ಹತೆ ಹೋಯಿತು, ಆದ್ದರಿಂದ 15ಕ್ಕೆ ಸೇರಿಸಿ. ಎರಡನೆಯದಕ್ಕೆ ಭಾನುವಾರ ಅಥವಾ ಸೋಮವಾರ ಜೂನಿಯರ್ ತಂಡದ ಆಟ ಇಡಿ, ಋತುವಿಗೆ ಐದಾದರೂ. ಬಸ್ಸಿನಲ್ಲಿ ಸೀಟು 56, ತಂಡದಲ್ಲಿ ಹುಡುಗರು 110. ಹೊರಊರಿನ ಆಟಕ್ಕೆ ಹೋಗದೆ ಉಳಿಯುವ ಐವತ್ತಕ್ಕೂ ಹೆಚ್ಚು ಹುಡುಗರನ್ನು ಮರೆತ ಕೋಚ್‌ಗೆ ಮುಂದಿನ ವರ್ಷ ಮತ್ತೆ ಅಷ್ಟೇ ಹೊಸಬರನ್ನು ಹುಡುಕುವ ಕೆಲಸ.

ಅಭ್ಯಾಸವನ್ನು ಐದು ನಿಮಿಷದ ತುಂಡುಗಳಾಗಿ ಕತ್ತರಿಸಿ 20–22 ತುಂಡು ಮಾಡುತ್ತೇವೆ. ಮಂಗಳವಾರ, ಬುಧವಾರ ಭಾರ, ಗುರುವಾರ ಹಗುರ, ಶುಕ್ರವಾರ ಬರೀ ನಡೆದಾಟ. ಮಿನೆಸೋಟಾದ ಸೇಂಟ್ ಜಾನ್ಸ್‌ನಲ್ಲಿ 1953ರಿಂದ 2012ರವರೆಗೆ ಹೆಡ್ ಕೋಚ್ ಆಗಿದ್ದ ಜಾನ್ ಗಲ್ಯಾರ್ಡಿ ಅಭ್ಯಾಸದಲ್ಲಿ ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು) ಮಾಡಿಸುತ್ತಲೇ ಇರಲಿಲ್ಲ, ವಿಷಲ್ ಊದುತ್ತಿರಲಿಲ್ಲ. ಮೊಂಟಾನಾದ ಕ್ಯಾರಲ್ ಕಾಲೇಜಿನಲ್ಲಿ ಗೆದ್ದದ್ದೂ ಸೇರಿ 489 ಗೆಲುವು, ಕಾಲೇಜು ಫುಟ್‌ಬಾಲ್‌ನ ದಾಖಲೆ. ಆ ದಾರಿ ಸರಿ ಎಂದೇ ನನ್ನ ನಂಬಿಕೆ. ಸೆಪ್ಟೆಂಬರ್ ಬಂದ ಮೇಲೆ ನಮ್ಮ ಹುಡುಗರು ಒಬ್ಬರನ್ನೊಬ್ಬರು ನೆಲಕ್ಕೆ ಕೆಡವುವುದನ್ನು ನಿಲ್ಲಿಸಿದೆವು. ಟ್ಯಾಕಲ್‌ನ ಪಾದ, ತಲೆ, ಭುಜದ ಸ್ಥಾನವನ್ನು ಮೆತ್ತನೆಯ ರಿಂಗ್ ಉರುಳಿಸಿ ಕಲಿಸಬಹುದು.

ಆಗಸ್ಟ್‌ನ ಬಿಸಿಲು ಮಾತ್ರ ನಿಜವಾದ ಅಪಾಯ, ಅದರಲ್ಲೂ 130 ಕಿಲೋದ ಲೈನ್‌ಮನ್‌ಗಳಿಗೆ. ಮೊದಲ ದಿನಗಳಲ್ಲಿ ಹೆಲ್ಮೆಟ್ ಮಾತ್ರ, ಪ್ಯಾಡ್‌ಗಳು ಹಂತಹಂತವಾಗಿ. ಅಭ್ಯಾಸದ ಮುಂಚೆ, ಆಮೇಲೆ ತೂಕ ನೋಡಿ; ಶೇ. 3ಕ್ಕಿಂತ ಹೆಚ್ಚು ಇಳಿದವನು ತೂಕ ಮರಳುವವರೆಗೆ ಮೈದಾನಕ್ಕಿಳಿಯಬಾರದು. ಐಸ್ ನೀರು ತುಂಬಿದ ತೊಟ್ಟಿ ಮೈದಾನದ ಪಕ್ಕದಲ್ಲೇ ಇರಬೇಕು. ಬಿಸಿಲಾಘಾತವಾದರೆ ಮೊದಲು ಅಲ್ಲೇ ಮುಳುಗಿಸಿ ಮೈ ತಣಿಸುವುದು, ಆಂಬುಲೆನ್ಸ್‌ನಲ್ಲಿ ಸಾಗಿಸುವುದು ಆಮೇಲೆ. ತಲೆಗೆ ಪೆಟ್ಟಾದ ಹುಡುಗ ಮತ್ತೆ ಆಡಬಹುದೇ ಎಂದು ಹೇಳುವವರು ಅಥ್ಲೆಟಿಕ್ ಟ್ರೇನರ್ (ಆಟಗಾರರ ಗಾಯ ನೋಡಿಕೊಳ್ಳುವ ಪರಿಣತ) ಮತ್ತು ವೈದ್ಯರು. ಅಲ್ಲಿ ಕೋಚ್‌ಗೆ ಮಾತಿಲ್ಲ, ಇರಲೂಬಾರದು.

ಲೈನ್ ಕಲಿಸುವವರಿಗೆ ಒಂದು ಮಾತು. ಇನ್‌ಸೈಡ್ ಝೋನ್ ಎಂಬ ಓಟದ ಪ್ಲೇಯಲ್ಲಿ ಇಬ್ಬರು ಸೇರಿ ಡಿಫೆನ್ಸಿವ್ ಟ್ಯಾಕಲ್‌ನನ್ನು (ಎದುರಾಳಿಯ ಮುಂದಿನ ಸಾಲಿನ ನಡುವಿನ ಆಟಗಾರ) ತಳ್ಳುವಾಗ ನಾವು ಹೇಳುವುದು ‘ನಾಲ್ಕು ಕೈ, ನಾಲ್ಕು ಕಣ್ಣು’: ನಾಲ್ಕು ಕೈ ಅವನ ಮೇಲೆ, ನಾಲ್ಕು ಕಣ್ಣು ಆ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಮೇಲೆ. ಹೊಸಬರು ಲೈನ್‌ಬ್ಯಾಕರ್ ಕಂಡ ಕೂಡಲೇ ಓಡುತ್ತಾರೆ, ಟ್ಯಾಕಲ್ ಆಗ ಇಬ್ಬರ ನಡುವೆ ನುಸುಳುತ್ತಾನೆ. ಮೊದಲ ಹೆಜ್ಜೆ ಆರು ಇಂಚು ದಾಟದಿರಲಿ, ಎರಡನೇ ಕಾಲು ನೆಲ ಮುಟ್ಟುವ ಹೊತ್ತಿಗೆ ಕೈ ತಾಗಲಿ. ಹೆಜ್ಜೆ ಹಿಂದಕ್ಕೆ ಬೀಳುತ್ತಿದ್ದರೆ ಕಾಲನ್ನು ಬೈದು ಫಲವಿಲ್ಲ. ನಿಲುವಿನಲ್ಲಿ ಭಾರ ಹಿಮ್ಮಡಿ ಮೇಲಿದೆಯೇ ನೋಡಿ, ಅದನ್ನು ತಿದ್ದಿ.

ಹೆಡ್ ಕೋಚ್‌ನ ಕಾಲ್ ಶೀಟಿನ (ಆಟದ ವೇಳೆ ಕೈಯಲ್ಲಿರುವ ಪ್ಲೇಗಳ ಪಟ್ಟಿ) ಮೂಲೆಯಲ್ಲಿ ಒಂದು ಲೆಕ್ಕ ಇರಲೇಬೇಕು. ಮುಂದಿದ್ದೀರಿ, ಚೆಂಡು ನಿಮ್ಮದು, ಮೊದಲ ಡೌನ್, ಎದುರಾಳಿಗೆ ಟೈಮ್‌ಔಟ್ ಉಳಿದಿಲ್ಲ: ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ, ಚೆಂಡು ಎಸೆಯುವ ಆಟಗಾರ) ಚೆಂಡು ಹಿಡಿದು ಮಂಡಿಯೂರಿದರೆ ಪ್ಲೇ ಮುಗಿಯುತ್ತದೆ, ಗಡಿಯಾರ ಮಾತ್ರ ಓಡುತ್ತದೆ; ಒಮ್ಮೆ ಮಂಡಿಯೂರಿದರೆ ಎರಡು ಸೆಕೆಂಡ್, ಜೊತೆಗೆ ಮುಂದಿನ ಪ್ಲೇ ಶುರುಮಾಡಲು ಸಿಗುವ 40 ಸೆಕೆಂಡ್‌ನ ಪ್ಲೇ ಕ್ಲಾಕ್. ಮೂರು ಬಾರಿಗೆ ಎರಡು ನಿಮಿಷ ದಾಟುತ್ತದೆ. ಗಡಿಯಾರ 2:00 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಂಡಿಯೂರಿ. ಎದುರಾಳಿಯ ಪ್ರತಿ ಟೈಮ್‌ಔಟ್‌ಗೆ 40 ಸೆಕೆಂಡ್ ಕಳೆಯಿರಿ: ಒಂದಿದ್ದರೆ 1:20, ಎರಡಿದ್ದರೆ 0:40. ಒತ್ತಡದಲ್ಲಿ ಇದನ್ನು ತಲೆಯಲ್ಲಿ ಮಾಡಲು ಹೋಗಿ ಸುಮ್ಮನೆ ಚೆಂಡು ಓಡಿಸಿ, ಕೈಜಾರಿಸಿ ಸೋತವರಿದ್ದಾರೆ.

ಮುಂದೆ ಎಲ್ಲಿಗೆ ಎಂಬುದಕ್ಕೆ ಎರಡು ದಾರಿ ಕಣ್ಣಮುಂದಿವೆ. ಕೋಚ್ ಲ್ಯಾರಿ ಕೆರಿಸ್ ಒಹಾಯೊದ ಮೌಂಟ್ ಯೂನಿಯನ್ ಬಿಟ್ಟು ಕದಲಲಿಲ್ಲ. 1986ರಿಂದ 2012ರವರೆಗೆ 332 ಗೆಲುವು, 24 ಸೋಲು, 11 ರಾಷ್ಟ್ರೀಯ ಪ್ರಶಸ್ತಿ. ಲ್ಯಾನ್ಸ್ ಲೈಪೋಲ್ಡ್ ವಿಸ್ಕಾನ್ಸಿನ್–ವೈಟ್‌ವಾಟರ್‌ನಲ್ಲಿ ಎಂಟು ವರ್ಷಕ್ಕೆ ಆರು ಪ್ರಶಸ್ತಿ ಗೆದ್ದು ಮೊದಲ ಡಿವಿಷನ್‌ನ ಬಫಲೋ, ಅಲ್ಲಿಂದ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. ಇಬ್ಬರ ತಳಪಾಯವೂ ಸ್ಕಾಲರ್‌ಶಿಪ್ ಇಲ್ಲದ ಹುಡುಗರೇ.

ಹೆಡ್ ಕೋಚ್ ಸಂದರ್ಶನಕ್ಕೆ ಒಂದು ಬೈಂಡರ್ ಒಯ್ಯಿರಿ: ಮೊದಲ 90 ದಿನದ ಯೋಜನೆ, ಯಾವ ಹೈಸ್ಕೂಲುಗಳಿಗೆ ಯಾರು ಹೋಗುತ್ತಾರೆ ಎಂಬ ನಕ್ಷೆ, ಓದಿನ ಉಸ್ತುವಾರಿ, ಬಜೆಟ್. ಹೆಲ್ಮೆಟ್ ನವೀಕರಣವನ್ನು ಬಜೆಟ್‌ನಲ್ಲಿ ಬೇರೆ ಸಾಲಾಗಿ ತೋರಿಸಿ. ಹತ್ತು ವರ್ಷ ದಾಟಿದ ಹೆಲ್ಮೆಟ್‌ಗಳನ್ನು ನವೀಕರಿಸಿ ಕೊಡುವುದಿಲ್ಲ, ಹೊಸದೇ ಕೊಳ್ಳಬೇಕು. ಸಹಿ ಹಾಕುವ ಮುಂಚೆ ನೀವೂ ಕೇಳಿ. ಪೂರ್ಣಾವಧಿ ಸಹಾಯಕರು ಎಷ್ಟು ಮಂದಿ? ತಲೆಯೆಣಿಕೆಯ ಗುರಿ ಎಷ್ಟು, ಅಷ್ಟು ಹುಡುಗರಿಗೆ ಹಾಸ್ಟೆಲ್‌ನಲ್ಲಿ ಹಾಸಿಗೆ ಇದೆಯೇ? ಅಭ್ಯಾಸದ ದಿನಗಳೆಲ್ಲ ಅಥ್ಲೆಟಿಕ್ ಟ್ರೇನರ್ ಮೈದಾನದಲ್ಲಿರುತ್ತಾರೆಯೇ? ಈ ಕೊನೆಯದಕ್ಕೆ ಇಲ್ಲ ಎಂದರೆ ಆ ಕೆಲಸ ಒಪ್ಪಿಕೊಳ್ಳಬೇಡಿ.