ಇಂಟರ್‌ವ್ಯೂಗೆ ಮುಂಚೆ ಮನೆಗೆ ಕೋಡಿಂಗ್ ಟೆಸ್ಟ್ ಕೊಟ್ಟರೆ ಏನು ಮಾಡಬೇಕು?

ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಎರಡನೇ ಕೆಲಸ ಹುಡುಕುತ್ತಿದ್ದಾಗ ಬೆಂಗಳೂರಿನ ಒಂದು ಕಂಪನಿ ಮನೆಯಲ್ಲೇ ಮಾಡುವ ಟೆಸ್ಟ್ ಕಳಿಸಿತು. ಜಿಎಸ್‌ಟಿ ಸೇರಿಸಿ ಬಿಲ್ ಮಾಡುವ ಪ್ರೋಗ್ರಾಮ್ ಬರೆಯಬೇಕು, ಲಾಗಿನ್ ಇರಬೇಕು, ಪಿಡಿಎಫ್ ಬರಬೇಕು, ಎಲ್ಲವನ್ನೂ ಸರ್ವರ್‌ಗೆ ಏರಿಸಿ ಓಡಿಸಿ ತೋರಿಸಬೇಕು. ಜುಲೈ ಮಳೆ. ಕರೆಂಟ್ ಇದ್ದರೆ ನೆಟ್ ಇಲ್ಲ. ನಾಲ್ಕು ದಿನ ಕೂತು ಮುಗಿಸಿದೆ. ಉತ್ತರವೇ ಬರಲಿಲ್ಲ.

ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ ಮರಗಸಿ ಅನ್ನುತ್ತೇವೆ. ಅಪ್ಪ ಕೇಳಿದರು: "ಮರಗಸಿಗೆ ಹೊಸಬ ಬಂದರೆ ಒಂದು ಮರ ಹತ್ತಿಸಿ ನೋಡ್ತೀವಿ ಪುಟ್ಟಿ. ತೋಟವೆಲ್ಲಾ ಮಾಡಿಸಿಕೊಂಡರೆ ಬಟವಾಡೆ ಕೊಡಬೇಕಲ್ವಾ?"

ಅವತ್ತಿನಿಂದ ನನ್ನ ಅಳತೆ ಅದೇ. ಹಾಸನದ ಕಾಲೇಜಿನ ಜೂನಿಯರ್‌ಗಳು "ಅಕ್ಕಾ, ಟೆಸ್ಟ್ ಬಂದಿದೆ" ಅಂದರೆ ಮೊದಲು ಪ್ರಶ್ನೆ ಓದಿಸಿಕೊಳ್ಳುತ್ತೇನೆ. ಲೈಬ್ರರಿ ಪುಸ್ತಕ, ಬಸ್ ಟೈಮಿಂಗ್ ಥರದ ಕಲ್ಪಿತ ಲೆಕ್ಕ ಇದ್ದು, ಎಲ್ಲರಿಗೂ ಒಂದೇ ಪ್ರಶ್ನೆ ಆದರೆ ಅದು ಟೆಸ್ಟ್. ಕಂಪನಿಯದೇ ಆ್ಯಪ್‌ಗೆ ಹೊಸ ಭಾಗ ಕಟ್ಟಿಕೊಡಿ ಅಂದರೆ ಅದು ಕೆಲಸ. ಕೆಲಸಕ್ಕೆ ಕೂಲಿ ಕೇಳಬೇಕು.

ಟೆಸ್ಟೇ ಬೇಡ ಅನ್ನುವವಳಲ್ಲ ನಾನು. ದೊಡ್ಡ ಕಾಲೇಜಿನ ಹೆಸರಿಲ್ಲದ ನಮ್ಮಂಥವರಿಗೆ ಕೈಕೆಲಸ ತೋರಿಸಲು ಅದೊಂದು ದಾರಿ. ಆದರೆ ಮಗು ನೋಡಿಕೊಳ್ಳುವವಳು, ಹಗಲು ಬೇರೆ ಕಡೆ ದುಡಿಯುವವನು ನಾಲ್ಕು ದಿನ ಎಲ್ಲಿಂದ ತರಬೇಕು? ಬಿಡುವು ಇದ್ದವರೇ ಗೆಲ್ಲುತ್ತಾರೆ. ಇದು ನ್ಯಾಯ ಅಲ್ಲ.

ಹಾಗಾಗಿ ಶುರು ಮಾಡುವ ಮೊದಲೇ ಮೇಲ್ ಹಾಕಿ. ನಾನು ಬರೆಯುವುದು ಹೀಗೆ: "ಟೆಸ್ಟ್ ಕಳಿಸಿದ್ದಕ್ಕೆ ಧನ್ಯವಾದ. ಇದಕ್ಕೆ 4 ಗಂಟೆ ಕೊಡಬಲ್ಲೆ. ಅಷ್ಟರಲ್ಲಿ ಯಾವ ಭಾಗ ಮುಖ್ಯ ಎಂದು ತಿಳಿಸಿ. ಪೂರ್ತಿ ಬೇಕಿದ್ದರೆ ದಿನದ ಲೆಕ್ಕದಲ್ಲಿ ಹಣ ಕೊಡುವಿರಾ? ಇಲ್ಲವಾದರೆ ವಿಡಿಯೋ ಕಾಲ್‌ನಲ್ಲಿ ಒಂದು ಗಂಟೆ ಜೊತೆಗೆ ಕೂತು ಕೋಡ್ ಬರೆಯೋಣ." ಕೊನೆಯದು ನನಗೆ ಇಷ್ಟ. ನಿಮ್ಮ ಒಂದು ಗಂಟೆ ಹೋದರೆ ಅವರದ್ದೂ ಒಂದು ಗಂಟೆ ಹೋಗುತ್ತದೆ. ಆಗ ಯಾರೂ ಸುಮ್ನೆ ನೂರು ಜನಕ್ಕೆ ಟೆಸ್ಟ್ ಹಂಚುವುದಿಲ್ಲ.

4 ಗಂಟೆ ಆದ ಮೇಲೆ ನಿಲ್ಲಿಸಿ. ಏನು ಉಳಿಯಿತು, ಟೈಮ್ ಇದ್ದಿದ್ದರೆ ಹೇಗೆ ಮಾಡುತ್ತಿದ್ದೆ ಎಂದು ರೀಡ್‌ಮಿ ಫೈಲಿನಲ್ಲಿ, ಅಂದರೆ ಕೋಡ್ ಜೊತೆ ಇಡುವ ವಿವರಣೆಯ ಫೈಲಿನಲ್ಲಿ, ಬರೆಯಿರಿ. ಒಳ್ಳೆಯ ಎಂಜಿನಿಯರ್ ಅದನ್ನೇ ಮೊದಲು ಓದುತ್ತಾನೆ.

ಕೋಡ್ ಯಾರದ್ದು? 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಸೇರುತ್ತದೆ. ನೀವಿನ್ನೂ ಅವರ ನೌಕರರಲ್ಲ. ಹಾಗಾಗಿ ಬರೆದವರೇ ಒಡೆಯರು. ಹಕ್ಕು ಬಿಟ್ಟುಕೊಡಬೇಕಾದರೆ ಬರಹದಲ್ಲಿ ನಿಮ್ಮ ಸಹಿ ಬೇಕು ಎನ್ನುತ್ತದೆ ಸೆಕ್ಷನ್ 19. ಟೆಸ್ಟ್ ಜೊತೆ ಬಂದ ಫಾರ್ಮ್‌ಗೆ ಓದದೆ ಸಹಿ ಹಾಕಬೇಡಿ. "ಆಯ್ಕೆಗಾಗಿ ನೋಡಲು ಮಾತ್ರ" ಎಂದು ರೀಡ್‌ಮಿಯ ಮೇಲೇ ಒಂದು ಸಾಲು ಹಾಕಿ.

ಕಳಿಸಿ ಒಂದು ವಾರ ಆದರೂ ಸುದ್ದಿ ಇಲ್ಲವಾ? ಒಂದೇ ಒಂದು ಮೇಲ್ ಹಾಕಿ, ಎಲ್ಲಿ ತಪ್ಪಿದೆ ಎಂದು ಕೇಳಿ. ಆಮೇಲೆ ಅವರ ಹೆಸರು, ಅವರ ಪ್ರಶ್ನೆ ತೆಗೆದು, ನಿಮ್ಮ ಕೋಡನ್ನು ನಿಮ್ಮ ಕೆಲಸಕ್ಕೆ ಬಳಸಿ. ನನ್ನ ಆ ಬಿಲ್ ಕೋಡ್ ಈಗ ನಮ್ಮೂರಿನ ಗೊಬ್ಬರದ ಅಂಗಡಿಯಲ್ಲಿ ಓಡುತ್ತಿದೆ. ಅಂಗಡಿಯವರು 8,000 ರೂಪಾಯಿ ಕೊಟ್ಟರು.