ಹಸಿರುಮನೆಯ ಗಾಳಿಯನ್ನು ನಾನು ಅಳೆಯುವ ಬಗೆ

ಹಸಿರುಮನೆಯಲ್ಲಿ ನೀರು, ಗೊಬ್ಬರ, ಬಿಸಿಲು ಎಲ್ಲದರ ಲೆಕ್ಕ ಇಡುತ್ತೇವೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಎಲೆ, ಕಾಂಡ, ಕಾಯಿಗಳಲ್ಲಿರುವ ಇಂಗಾಲವನ್ನು ಗಿಡ ಪಡೆಯುವುದು ಗಾಳಿಯಿಂದಲೇ ಅಲ್ವಾ? ಹೊರಗಿನ ಗಾಳಿಯಲ್ಲಿ ಈಗ ಅದು 420 ಪಿಪಿಎಂಗಿಂತ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಸ್ವಲ್ಪ ಜಾಸ್ತಿ ಇದೆ. ಒಳಗೆ ಎಷ್ಟಿದೆ ಅಂತ ನೋಡಲು ಒಂದು ಸೆನ್ಸರ್ ತೂಗುಹಾಕಿದೆ. ಐದು ನಿಮಿಷಕ್ಕೊಮ್ಮೆ ಅದು ಅಳತೆ ಬರೆದಿಟ್ಟುಕೊಳ್ಳುತ್ತದೆ.

ಗ್ರಾಫ್ ನೋಡಿದಾಗ ಕಣ್ಣಿಗೆ ಬಿದ್ದದ್ದು ಬೆಳಗಿನ ಇಳಿತ. ರಾತ್ರಿಯಿಡೀ ಗಿಡ ಮತ್ತು ಮಣ್ಣಿನ ಜೀವಿಗಳು ಉಸಿರಾಡುವುದರಿಂದ ಮುಂಜಾನೆ ಮಟ್ಟ ಹೊರಗಿಗಿಂತ ಎಷ್ಟೋ ಮೇಲಿರುತ್ತದೆ. ಬಿಸಿಲು ಬಿದ್ದ ಕೂಡಲೇ ಸರಸರನೆ ಇಳಿಯುತ್ತದೆ. ಕಿಂಡಿಗಳೆಲ್ಲ ಮುಚ್ಚಿದ್ದು ಬೆಳೆ ದಟ್ಟವಾಗಿದ್ದರೆ 300ಕ್ಕಿಂತ ಕೆಳಗೂ ಹೋಗುತ್ತದೆ. ಬೆಳಕು ಚೆನ್ನಾಗಿದೆ, ನೀರಿದೆ, ಗಿಡಕ್ಕೆ ಮಾತ್ರ ಇಂಗಾಲ ಸಾಲದು. ನಮಗೆ ಅದು ಕಾಣುವುದೇ ಇಲ್ಲ, ಎಲೆ ಬಾಡಿ ತೋರಿಸುವ ಕೊರತೆ ಅದಲ್ಲ.

ಸೆನ್ಸರ್ ಎಲ್ಲಿಡುತ್ತೇವೆ ಅನ್ನುವುದು ಮುಖ್ಯ. ನಾನು ಬೆಳೆಯ ಸಾಲಿನ ಮಧ್ಯೆ, ತುದಿ ಎಲೆಗಳ ಎತ್ತರಕ್ಕೆ ಹಗ್ಗದಲ್ಲಿ ಕಟ್ಟಿದ್ದೇನೆ. ಗಿಡ ಬೆಳೆದಂತೆ ಅದನ್ನೂ ಮೇಲಕ್ಕೆಳೆಯುತ್ತೇನೆ. ನೇರ ಬಿಸಿಲು ಬೀಳಬಾರದು, ಇಬ್ಬನಿ ಕೂರಬಾರದು. ಅಳತೆ ಓದುವಾಗ ಅದರ ಮುಂದೆ ನಿಂತು ಮಾತಾಡಬಾರದು. ನಮ್ಮ ಉಸಿರಿನಲ್ಲಿ ಸುಮಾರು 40,000 ಪಿಪಿಎಂ ಇರುತ್ತದೆ, ಅಂಕಿ ತಕ್ಷಣ ಏರಿಬಿಡುತ್ತದೆ.

ಕೊಳ್ಳುವಾಗ ಅತಿಗೆಂಪು ಬೆಳಕಿನಿಂದ ಅಳೆಯುವ ಸೆನ್ಸರ್ ಆರಿಸಿ. ಬೇರೆ ಆವಿಗಳನ್ನು ನೋಡಿ ಅಂದಾಜು ಹೇಳುವ ಅಗ್ಗದವು ಈ ಕೆಲಸಕ್ಕೆ ಆಗುವುದಿಲ್ಲ. ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಇಂಥ ಹಲವು ಸೆನ್ಸರ್‌ಗಳಲ್ಲಿ ತಾನಾಗಿ ಸರಿಹೊಂದಿಕೊಳ್ಳುವ ವ್ಯವಸ್ಥೆ ಇರುತ್ತದೆ. ಕೆಲವು ದಿನಗಳಲ್ಲಿ ಕಂಡ ಅತಿ ಕಡಿಮೆ ಅಳತೆಯನ್ನೇ ಹೊರಗಿನ ಗಾಳಿ, ಅಂದರೆ ಸುಮಾರು 400, ಅಂತ ಅದು ಅಂದುಕೊಳ್ಳುತ್ತದೆ. ಕಚೇರಿ ಕೋಣೆಗೆ ಅದು ಸರಿ. ನಮ್ಮಲ್ಲಿ ಗಿಡಗಳು ಗಾಳಿಯನ್ನು 300ಕ್ಕೆ ಇಳಿಸುತ್ತವೆ. ಸೆನ್ಸರ್ ಅದನ್ನೇ 400 ಅಂತ ತೋರಿಸತೊಡಗಿದರೆ ಕೊರತೆಯೇ ಮಾಯವಾದ ಹಾಗೆ ಕಾಣುತ್ತದೆ. ಅದಕ್ಕೇ ನಾನು ಆ ವ್ಯವಸ್ಥೆಯನ್ನು ಆಫ್ ಮಾಡಿದ್ದೇನೆ. ಆಗಾಗ ಸೆನ್ಸರನ್ನು ಬಯಲಿಗೆ ತಂದು, ಗಾಳಿಯಾಡುವ ಕಡೆ ಸ್ವಲ್ಪ ಹೊತ್ತು ಬಿಟ್ಟು, ಅಲ್ಲಿನ ಗಾಳಿಗೆ ಸರಿಹೊಂದಿಸುತ್ತೇನೆ.

ಅಳತೆ ಸಿಕ್ಕ ಮೇಲೆ ಮೊದಲು ಮಾಡಿದ್ದು ಗ್ಯಾಸ್ ಬಿಡುವ ಕೆಲಸ ಅಲ್ಲ. ಮಟ್ಟ ಹೊರಗಿಗಿಂತ ಕೆಳಗಿಳಿದ ಕೂಡಲೇ ಮೇಲಿನ ಕಿಂಡಿಯನ್ನು ಸ್ವಲ್ಪ ತೆರೆಯುತ್ತೇನೆ, ಒಳಗಿನ ಫ್ಯಾನ್ ಹಾಕುತ್ತೇನೆ. ಎಲೆಗಳ ಸುತ್ತ ನಿಂತ ಗಾಳಿ ಕದಲಿದರೆ ಗಿಡಕ್ಕೆ ಸಿಗುವುದೂ ಹೆಚ್ಚುತ್ತದೆ. ಚಳಿಯಲ್ಲಿ ಶಾಖ ಹೊರಗೆ ಹೋಗುತ್ತದೆ ನಿಜ, ಆದರೂ ಬೆಳಕಿರುವ ಹೊತ್ತನ್ನು ಸುಮ್ನೆ ಕಳೆಯುವುದು ನನಗೆ ಒಪ್ಪಿಗೆಯಿಲ್ಲ.

ಕಿಂಡಿ ಮುಚ್ಚಿಯೇ ಇಡಬೇಕಾದ ದಿನಗಳಲ್ಲಿ ಮಾತ್ರ ಇಂಗಾಲದ ಡೈಆಕ್ಸೈಡನ್ನು ಸಿಲಿಂಡರ್‌ನಿಂದ ಬಿಡುತ್ತೇನೆ. ಟೊಮೆಟೊ, ಸೌತೆ, ಕ್ಯಾಪ್ಸಿಕಂಗೆ 800ರಿಂದ 1,000 ಪಿಪಿಎಂ ಸಾಕು. ಅದರ ಮೇಲೆ ಲಾಭ ಕಡಿಮೆ. ಬಿಡುವುದು ಬೆಳಕಿದ್ದಾಗ ಮಾತ್ರ, ಕಿಂಡಿ ತೆರೆದರೆ ವಾಲ್ವ್ ತಾನಾಗಿ ಮುಚ್ಚಬೇಕು. ಸಿಲಿಂಡರ್ ಬದಲು ಇಂಧನದ ಬರ್ನರ್ ಉರಿಸಿ ಈ ಗ್ಯಾಸ್ ಪಡೆಯುವವರು ಇನ್ನೂ ಹುಷಾರಾಗಿರಬೇಕು. ಸರಿಯಾಗಿ ಉರಿಯದಿದ್ದರೆ ಎಥಿಲೀನ್ ಅನ್ನುವ ಅನಿಲ ಬಂದು ಹೂ ಉದುರುತ್ತದೆ, ಕಾರ್ಬನ್ ಮೊನಾಕ್ಸೈಡ್ ಮನುಷ್ಯರ ಜೀವಕ್ಕೇ ಅಪಾಯ. ಇಂಗಾಲದ ಡೈಆಕ್ಸೈಡ್‌ಗೂ ಮಿತಿ ಇದೆ. 8 ಗಂಟೆ ಕೆಲಸಕ್ಕೆ ಸಾಮಾನ್ಯವಾಗಿ ಒಪ್ಪಿರುವ ಸರಾಸರಿ 5,000 ಪಿಪಿಎಂ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಹತ್ತಿರ ನಿಲ್ಲುತ್ತದೆ. ಹಾಗಾಗಿ ಒಳಗೆ ಕೆಲಸ ಮಾಡುವವರಿಗಾಗಿ ಕೆಳಮಟ್ಟದಲ್ಲಿ ಪ್ರತ್ಯೇಕ ಅಲಾರಂ ಇಟ್ಟಿದ್ದೇನೆ. ಅದು ಕೂಗಿದರೆ ಮೊದಲು ಎಲ್ಲರೂ ಹೊರಗೆ ಬರಬೇಕು, ಸಿಲಿಂಡರ್ ವಾಲ್ವನ್ನು ಹೊರಗಿನಿಂದಲೇ ಮುಚ್ಚಬೇಕು.